ಆನ್‌ಲೈನ್ ಯೂಸರ್ ಟೆಸ್ಟಿಂಗ್ ಕಂಪನಿ ಬೆಳೆಸೋದು ಹೇಗೆ: ಪುಣೆಯ ಎರಡು ಕೋಣೆಯಿಂದ

ಹೋದ ತಿಂಗಳು ಹುಬ್ಬಳ್ಳಿಯ ಒಬ್ಬ ಹುಡುಗ ಫೋನ್ ಮಾಡಿದ್ದ. "ಅಕ್ಕಾರ, ನಾನೂ ನಿಮ್ಮಂಥಾದ್ದೊಂದು ಕಂಪನಿ ಚಾಲೂ ಮಾಡಬೇಕಂತ ಮಾಡೇನ್ರಿ. ಸಾಫ್ಟ್‌ವೇರ್ ಬರೀಲಿಕ್ಕೆ ಇಬ್ಬರನ್ನ ಇಟ್ಕೊಂಡೇನಿ. ಮುಂದೇನು ಮಾಡ್ಲಿ?" ಸದ್ಯ ಸಾಫ್ಟ್‌ವೇರ್ ಕೆಲಸ ನಿಲ್ಲಿಸು, ಮೊದಲು ಹದಿನೈದು ಜನರನ್ನು ಹುಡುಕು ಅಂದೆ. ಅವನಿಗೆ ಆ ಮಾತು ಹಿಡಿಸಿದ ಹಾಗೆ ಕಾಣಲಿಲ್ಲ. ಫೋನಿನಲ್ಲಿ ಪೂರ್ತಿ ಹೇಳೋಕೆ ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಧಾರವಾಡದವಳು. ಪುಣೆಗೆ ಬಂದು ಹದಿನಾರು ವರ್ಷವಾಯಿತು. ಕರ್ವೆನಗರದಲ್ಲಿ ಎರಡು ಕೋಣೆಯ ಆಫೀಸು ನಮ್ಮದು. ಕೆಲಸ ಏನೆಂದರೆ, ಯಾರೋ ಒಂದು ಆಪ್ ಮಾಡಿರುತ್ತಾರೆ. ಮಾಮೂಲಿ ಜನರಿಗೆ ಅದು ತಿಳಿಯುತ್ತದೋ ಇಲ್ಲವೋ ಅವರಿಗೆ ಗೊತ್ತಿರುವುದಿಲ್ಲ. ನಾವು ಅಂಥ ಜನರನ್ನು ಹುಡುಕಿ, ಅವರ ಮನೆಯಲ್ಲೇ, ಅವರ ಫೋನಿನಲ್ಲೇ ಆ ಆಪ್ ಬಳಸಲು ಕೊಡುತ್ತೇವೆ. ಬಳಸುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಅವರು ಬಾಯಿಬಿಟ್ಟು ಹೇಳಬೇಕು. ಸ್ಕ್ರೀನೂ ದನಿಯೂ ರೆಕಾರ್ಡ್ ಆಗುತ್ತವೆ. ಇಪ್ಪತ್ತು ನಿಮಿಷದ ಕೆಲಸ. ಆಮೇಲೆ ನಾವು ಕೂತು ಕೇಳುತ್ತೇವೆ.

ಮೊದಲೆಲ್ಲ ಇದಕ್ಕೆ ಲ್ಯಾಬ್ ಬೇಕಾಗುತ್ತಿತ್ತು. ಒಂದು ಕೋಣೆ, ನಡುವೆ ಒಂದು ಕಡೆಯಿಂದ ಮಾತ್ರ ಕಾಣುವ ಗಾಜು, ಈಚೆ ಕಡೆ ಕಂಪನಿಯವರು ಕೂತು ನೋಡುವುದು. ಬಂದವರಿಗೆ ಪ್ರಯಾಣದ ಖರ್ಚೂ ಕೊಡಬೇಕು. 2007ರಲ್ಲಿ ಕ್ಯಾಲಿಫೋರ್ನಿಯಾದ ಡ್ಯಾರೆಲ್ ಬೆನಟಾರ್ ಮತ್ತು ಡೇವ್ ಗಾರ್ ಯೂಸರ್‌ಟೆಸ್ಟಿಂಗ್ ಅನ್ನುವ ಕಂಪನಿ ಶುರು ಮಾಡಿದರು. ಜನರನ್ನು ಲ್ಯಾಬಿಗೆ ಕರೆಯುವ ಬದಲು ಅವರ ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿಸಿಕೊಂಡರು. ಒಂದು ಟೆಸ್ಟಿಗೆ ಹತ್ತು ಡಾಲರ್ ಕೊಡುತ್ತಿದ್ದರು. ಮೊದಮೊದಲು ಒಂದೊಂದೇ ಟೆಸ್ಟ್ ಮಾರುತ್ತಿದ್ದವರು ಆಮೇಲೆ ದೊಡ್ಡ ಕಂಪನಿಗಳ ಜೊತೆ ವರ್ಷದ ಒಪ್ಪಂದಕ್ಕೆ ಹೊರಳಿದರು. ಬೆಳೆದದ್ದು ಅಲ್ಲಿಂದ. 2021ರ ನವೆಂಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆಗೆ ಹೋದರು, ಷೇರಿಗೆ 14 ಡಾಲರ್. ವರ್ಷ ತುಂಬುವ ಮೊದಲೇ ಥೋಮಾ ಬ್ರಾವೊ ಮತ್ತು ಸನ್‌ಸ್ಟೋನ್ ಪಾರ್ಟ್‌ನರ್ಸ್ ಅನ್ನುವ ಹೂಡಿಕೆ ಕಂಪನಿಗಳು ಸೇರಿ ಷೇರಿಗೆ 7.50 ಡಾಲರಿನಂತೆ, ಸುಮಾರು 130 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿದರು. 2023ರಲ್ಲಿ ಯೂಸರ್‌ಝೂಮ್ ಅನ್ನುವ ಇದೇ ಥರದ ಇನ್ನೊಂದು ಕಂಪನಿಯ ಜೊತೆ ಸೇರಿಸಿದರು.

ಷೇರಿನ ಬೆಲೆ ಅರ್ಧಕ್ಕೆ ಇಳಿದದ್ದು ನೋಡಿ ತುಂಬಾ ಜನ ಈ ಕೆಲಸದಲ್ಲಿ ದುಡ್ಡಿಲ್ಲ ಅಂದರು. ನನಗೆ ಹಾಗೆ ಅನಿಸಲಿಲ್ಲ. ಆ ಕಂಪನಿಯ ಆಸ್ತಿ ಯಾವುದು ಅಂತ ಯೋಚಿಸಿದರೆ, ಕರೆದ ಕೂಡಲೇ ಕೂತು ಮಾತಾಡುವ ಜನ. ಪ್ಯಾನೆಲ್ ಅಂತಾರಲ್ಲ, ಅದು. ರೆಕಾರ್ಡಿಂಗ್ ಸಾಫ್ಟ್‌ವೇರ್ ಇವತ್ತು ಯಾರು ಬೇಕಾದರೂ ಮಾಡುತ್ತಾರೆ. ಪ್ಯಾನೆಲ್ ಮಾತ್ರ ಒಬ್ಬೊಬ್ಬರಾಗಿ ಕೂಡಬೇಕು, ಕೂಡಿದ್ದನ್ನು ಕಾಯ್ದುಕೊಳ್ಳಬೇಕು.

ಮೊದಲ ಟೆಸ್ಟುಗಳು ಕೈಯಾರೆ

ಮೊದಲ ಆರು ತಿಂಗಳು ಏನನ್ನೂ ಕಟ್ಟಬೇಡಿ. ಆಂಡ್ರಾಯ್ಡ್ 11 ಬಂದಾಗಿನಿಂದ, ಅಂದರೆ 2020ರಿಂದ, ಫೋನಿನಲ್ಲೇ ಸ್ಕ್ರೀನ್ ರೆಕಾರ್ಡರ್ ಇದೆ. ಅದನ್ನು ಆನ್ ಮಾಡಿಸಿ, ಮೈಕ್ ಕೂಡ ಆನ್ ಮಾಡಿಸಿ, ಮುಗಿದ ಮೇಲೆ ಫೈಲ್ ತರಿಸಿಕೊಳ್ಳಿ. ನಾನು ಮೊದಲ ಮೂವತ್ತು ಟೆಸ್ಟ್ ಹೀಗೇ ಮಾಡಿದೆ. ಒಂದು ವಹಿ, ಒಂದು ಪೆನ್ನು, ಕಿವಿಗೆ ಇಯರ್‌ಫೋನ್. ಬ್ಯಾಂಕಿನ ಆಪ್‌ಗಳು ಸಾಮಾನ್ಯವಾಗಿ ರೆಕಾರ್ಡ್ ಮಾಡಲು ಬಿಡುವುದಿಲ್ಲ, ವಿಡಿಯೊ ಕಪ್ಪಗೆ ಬರುತ್ತದೆ. ಅಂಥ ಕಡೆ ಮನೆಯ ಇನ್ನೊಂದು ಫೋನನ್ನು ಎರಡು ಡಬ್ಬಿಗಳ ಮೇಲೆ ಅಡ್ಡ ಇಟ್ಟು ಮೇಲಿಂದ ವಿಡಿಯೊ ತೆಗೆಸಿ. ಸಾಕಾಗುತ್ತದೆ.

ಎಷ್ಟು ಜನ ಬೇಕು? ಕ್ಲೈಂಟು ಮೊದಲು ಕೇಳುವುದೇ ಇದನ್ನು. ಯೂಸರ್ ಟೆಸ್ಟಿಂಗ್ ತಜ್ಞ ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದನ್ನು ಈ ಕೆಲಸದವರೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾರೆ: ಐದು ಜನ ಸಾಕು. ಲೆಕ್ಕ ಹೀಗಿದೆ. ಒಬ್ಬರಿಂದ ಸರಾಸರಿ 31 ಶೇಕಡಾ ತೊಡಕುಗಳು ಗೊತ್ತಾಗುತ್ತವೆ. ಎರಡನೆಯವರು ಹೇಳುವುದರಲ್ಲಿ ಸ್ವಲ್ಪ ಹಳೆಯದು, ಸ್ವಲ್ಪ ಹೊಸದು. ಐದನೆಯವರ ಹೊತ್ತಿಗೆ 85 ಶೇಕಡಾ ಹತ್ತಿರ ಬಂದಿರುತ್ತೀರಿ. ಆರನೆಯವರಿಂದ ಕೇಳಿದ್ದನ್ನೇ ಕೇಳುತ್ತೀರಿ. ಆ ಆರನೆಯವರ ದುಡ್ಡು ಉಳಿಸಿ, ಆಪ್ ಸರಿಮಾಡಿ ಇನ್ನೊಮ್ಮೆ ಐದು ಜನರ ಹತ್ತಿರ ಹೋಗಿ ಅನ್ನುವುದು ಅವರ ಮಾತು.

ಆದರೆ ಆ ಐದು ಜನ ಒಂದೇ ಥರದವರಾಗಿದ್ದರೆ ಮಾತ್ರ ಈ ಲೆಕ್ಕ. ಹಿಂಜೇವಾಡಿಯಲ್ಲಿ ಸಾಫ್ಟ್‌ವೇರ್ ಬರೆಯುವ ಹುಡುಗ ಬೇರೆ, ಕಾತ್ರಜದಲ್ಲಿ ಮನೆಗೆಲಸ ಮಾಡುವ ಅಕ್ಕ ಬೇರೆ. ಇಬ್ಬರಿಗೂ ಒಂದೇ ಆಪ್ ಮಾರುತ್ತೀರಾದರೆ ಎರಡೂ ಕಡೆ ಪ್ರತ್ಯೇಕ ಜನ ಬೇಕು. ಇನ್ನು "ನೂರಕ್ಕೆ ಎಷ್ಟು ಜನಕ್ಕೆ ಹಿಡಿಸಿತು" ಅಂತ ಅಂಕಿ ಕೇಳಿದರೆ ಐದು ಜನರಿಂದ ಅದು ಹೇಳಲಾಗದು. ಕ್ಲೈಂಟಿಗೆ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿ.

ಜನರ ಸ್ವಂತ ಫೋನಿನಲ್ಲೇ ಮಾಡಿಸಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನನಗೆ ಈ ಕೆಲಸದ ಬೆಲೆ ತಿಳಿದದ್ದೇ ಅಂಥ ಒಂದು ರೆಕಾರ್ಡಿಂಗಿನಿಂದ. ಬಸ್ ಟಿಕೆಟ್ ಬುಕ್ ಮಾಡುವ ಆಪ್. ಇಂಡಿ ತಾಲೂಕಿನ ಒಬ್ಬ ಅಕ್ಕ, ಕಾತ್ರಜದಲ್ಲಿ ಎರಡು ಮನೆ ಅಡುಗೆ ಮಾಡುತ್ತಾರೆ, ಊರಿಗೆ ಹೋಗಲು ತಿಂಗಳಿಗೊಮ್ಮೆ ಬಸ್ ಬೇಕೇ ಬೇಕು. ನಂಬರ್ ಹಾಕಿದರು. ಓಟಿಪಿ ಬಂತು. ಮೇಲೆ ಒಂದು ಕ್ಷಣ ಕಂಡು ಮಾಯವಾಯಿತು. ಅಕ್ಕ ಆಪ್ ಬಿಟ್ಟು ಮೆಸೇಜಿಗೆ ಹೋದರು. "ನಾಕು, ಏಳು, ಏಳು, ಒಂದು..." ಅಂತ ಹೇಳಿಕೊಳ್ಳುತ್ತಲೇ ವಾಪಸ್ ಬಂದರು. ಆಪ್ ಮೊದಲ ಪುಟಕ್ಕೆ ಹೋಗಿ ಕೂತಿತ್ತು. ಮತ್ತೆ ನಂಬರ್, ಮತ್ತೆ ಓಟಿಪಿ, ಮತ್ತೆ ಮೊದಲ ಪುಟ. ಮೂರನೆಯ ಸಲ, "ತಡೀರಿ, ಕ್ಯಾಲೆಂಡರ್ ಮ್ಯಾಲ ಬರಕೋತೀನಿ, ಈಗ ಹೆಂಗ ಹೋಗ್ತದ ನೋಡ್ತೀನಿ" ಅಂದರು. ಗೋಡೆಗೆ ಪೆನ್ಸಿಲ್ ತಾಗುವ ಸದ್ದು ಕೇಳಿಸುತ್ತದೆ. ಬರೆದುಕೊಂಡು ಬರುವಷ್ಟರಲ್ಲಿ ಆಪ್ ಮತ್ತೆ ಮೊದಲಿಗೆ ಹೋಗಿತ್ತು. ಹೊಸ ಓಟಿಪಿ ಬೇಕಾಯಿತು, ಬರೆದುಕೊಂಡದ್ದು ನಡೆಯಲಿಲ್ಲ. ಕೊನೆಗೆ ಬಹಳ ಮೆತ್ತಗೆ, "ನಂಗ ಬರೂದಿಲ್ಲೇನೋ ಬಿಡ್ರಿ ಅಕ್ಕಾರ" ಅಂದರು.

ತಪ್ಪು ಅವರದಲ್ಲ. ಅವರ ಫೋನಿಗೆ ಮೆಮೊರಿ ಎರಡೇ ಜಿಬಿ. ಮೆಸೇಜ್ ತೆರೆದ ಕೂಡಲೇ ಜಾಗ ಸಾಲದೆ ಫೋನು ಹಿಂದಿನ ಆಪನ್ನು ಮುಚ್ಚಿಬಿಡುತ್ತಿತ್ತು. ಎಲ್ಲಿಗೆ ಬಂದಿದ್ದೆ ಅನ್ನುವುದನ್ನು ಆಪ್ ನೆನಪಿಟ್ಟುಕೊಂಡಿರಲಿಲ್ಲ. ಎಂಜಿನಿಯರುಗಳ ದೊಡ್ಡ ಫೋನಿನಲ್ಲಿ ಇದು ಒಮ್ಮೆಯೂ ಆಗಿರಲಿಲ್ಲ. ರೆಕಾರ್ಡರಿನ ಭಾರಕ್ಕೇ ಹೀಗಾಯಿತೇನೋ ಅಂತ ನಮಗೂ ಅನುಮಾನ ಬಂತು. ಮರುದಿನ ರೆಕಾರ್ಡಿಂಗ್ ಇಲ್ಲದೆ, ನಾನೇ ಪಕ್ಕದಲ್ಲಿ ಕೂತು ಮಾಡಿಸಿದೆ. ಅದೇ ಆಯಿತು. ಇಂಥ ಅನುಮಾನ ನಿಮಗೂ ಬರಬೇಕು, ಬಂದಾಗ ಹೋಗಿ ನೋಡಬೇಕು.

ಜನ ಎಲ್ಲಿ ಸಿಗುತ್ತಾರೆ

ಜಾಹೀರಾತು ಹಾಕಬೇಡಿ. "ಮನೆಯಲ್ಲೇ ಕೂತು ಗಳಿಸಿ" ಅಂತ ಹಾಕಿದರೆ ಬರುವವರೆಲ್ಲ ಗಳಿಸಲಿಕ್ಕೇ ಬರುತ್ತಾರೆ, ನಿಮಗೆ ಬೇಕಾದ ಅಡುಗೆಯ ಅಕ್ಕ ಬರುವುದಿಲ್ಲ. ನನ್ನ ಮೊದಲ ಹದಿನೇಳು ಜನ ಸಿಕ್ಕಿದ್ದು ಹೀಗೆ: ನಮ್ಮ ಮನೆಗೆಲಸಕ್ಕೆ ಬರುವ ಮಾವಶಿ, ಅವರ ತಂಗಿ, ಗಣೇಶನಗರದ ಕನ್ನಡ ಶಾಲೆಯ ಗೇಟಿನ ಹತ್ತಿರ ಮಕ್ಕಳನ್ನು ಕಾಯುತ್ತಾ ನಿಂತ ತಾಯಂದಿರು, ಸ್ವಾರಗೇಟಿನಲ್ಲಿ ವಿಜಯಪುರದ ಬಸ್ಸಿಗೆ ಕಾಯುವ ಗೌಂಡಿಗಳು, ಒಂದು ಲೇಡೀಸ್ ಹಾಸ್ಟೆಲಿನ ವಾರ್ಡನ್. ಪುಣೆಯಲ್ಲಿ ಕನ್ನಡ ಮಾತಾಡುವವರು ಒಂದೇ ಕಡೆ ಇಲ್ಲ. ಕಟ್ಟಡ ಕೆಲಸಕ್ಕೆ ಬಂದವರು ಒಂದು ಕಡೆ, ಐಟಿಯವರು ಒಂದು ಕಡೆ, ಮೂರು ತಲೆಮಾರಿನಿಂದ ಇಲ್ಲೇ ಇದ್ದು ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಮಾತಾಡುವವರು ಇನ್ನೊಂದು ಕಡೆ. ಮೂರೂ ಕಡೆಯವರು ನಿಮ್ಮ ವಹಿಯಲ್ಲಿ ಇರಲಿ.

ನಂಬಿಕೆ ಗಳಿಸುವುದೇ ಇಲ್ಲಿ ದೊಡ್ಡ ಕೆಲಸ. ಗುರುತಿಲ್ಲದವರು ಫೋನ್ ಮಾಡಿ ಸ್ಕ್ರೀನ್ ತೋರಿಸಿ ಅಂದರೆ ಅದು ಮೋಸಗಾರರು ಕೇಳುವ ಮಾತೇ, ಅಲ್ವಾ? ದೂರದಿಂದಲೇ ಇನ್ನೊಬ್ಬರ ಫೋನ್ ನಡೆಸುವ ಎನಿಡೆಸ್ಕ್ ಆಪ್ ಬಳಸಿ ನಡೆಯುವ ಮೋಸದ ಬಗ್ಗೆ 2019ರಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಕೆ ಕೊಟ್ಟಿತ್ತು. ಹಾಗಾಗಿ ಮೊದಲ ಭೇಟಿ ಮುಖಾಮುಖಿ ಆಗಲಿ, ಇಲ್ಲವೇ ಅವರಿಗೆ ಗೊತ್ತಿರುವವರ ಮೂಲಕ ಆಗಲಿ. ಫೋನು ನಮ್ಮ ಕೈಗೆ ಬರುವಂಥ ಯಾವ ಆಪನ್ನೂ ಹಾಕಿಸಬೇಡಿ. ಟೆಸ್ಟಿಗೆ ಮೊದಲು ಮೆಸೇಜ್ ಬರದಂತೆ ನೋಟಿಫಿಕೇಶನ್ ಮುಚ್ಚಿಸಿ. ನಮ್ಮ ಒಂದು ರೆಕಾರ್ಡಿಂಗಿನ ನಡುವೆ ಒಬ್ಬರ ಸಾಲದ ಕಂತಿನ ನೋಟಿಸ್ ತೇಲಿ ಬಂತು. ಅದು ನಾವು ನೋಡಬಾರದಿದ್ದ ವಿಷಯ. ಆ ಭಾಗ ಕತ್ತರಿಸಿ ಹಾಕಿ, ಅವರಿಗೂ ಫೋನ್ ಮಾಡಿ ತಿಳಿಸಿದೆವು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವಾಗ ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶ ಇರಬೇಕು. ಕನ್ನಡವೂ ಅದರಲ್ಲಿದೆ. ಕೊಟ್ಟ ಒಪ್ಪಿಗೆಯನ್ನು ಅವರು ವಾಪಸ್ ತಗೋಬಹುದು. ನಾವು ಒಪ್ಪಿಗೆ ಪತ್ರವನ್ನು ಹತ್ತು ಸಾಲಿಗೆ ಇಳಿಸಿ, ಫೋನಿನಲ್ಲಿ ಓದಿ ಹೇಳುತ್ತೇವೆ. ರೆಕಾರ್ಡಿಂಗ್ ಯಾರು ನೋಡುತ್ತಾರೆ, ಯಾವಾಗ ಅಳಿಸುತ್ತೇವೆ ಅಂತ ಅದರಲ್ಲಿದೆ. ತೊಂಬತ್ತು ದಿನಕ್ಕೆ ಅಳಿಸುತ್ತೇವೆ.

ಯಾರನ್ನು ಆರಿಸಬೇಕು ಅನ್ನುವುದಕ್ಕೆ ಕೇಳುವ ಪ್ರಶ್ನೆಯಲ್ಲೇ ಉತ್ತರ ಇರಬಾರದು. "ನೀವು ಯುಪಿಐ ಬಳಸ್ತೀರಾ?" ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. "ನಿನ್ನೆ ಕಾಯಿಪಲ್ಲೆ ತಂದ್ರಲ್ಲ, ದುಡ್ಡು ಹೇಗೆ ಕೊಟ್ರಿ?" ಅಂತ ಕೇಳಿ. "ನಮ್ಮ ಮಗ ಮಾಡಿದ" ಅಂದರೆ ಯುಪಿಐ ಬಳಸುವವನು ಮಗ.

ದುಡ್ಡನ್ನು ಅದೇ ಸಂಜೆ ಕೊಡಿ. ನಾವು ಇಪ್ಪತ್ತು ನಿಮಿಷಕ್ಕೆ 300 ರೂಪಾಯಿ ಕೊಡುತ್ತೇವೆ. ಆಪ್ ಅರ್ಧಕ್ಕೆ ನಿಂತರೂ ಕೊಡುತ್ತೇವೆ, ಅವರ ಹೊತ್ತು ಹೋಗಿರುತ್ತದಲ್ಲ. ಕ್ಲೈಂಟು ನಮಗೆ ನಲವತ್ತೈದು ದಿನಕ್ಕೆ ಕೊಡುತ್ತಾನೆ ಅಂತ ಅವರನ್ನು ಕಾಯಿಸಬಾರದು. ಶುರುವಿನಲ್ಲಿ ಈ ದುಡ್ಡಿಗೆ ಅಂತಲೇ ಬೇರೆ ಖಾತೆ ಮಾಡಿಟ್ಟುಕೊಳ್ಳಿ, ಬಾಡಿಗೆಗೂ ಅದನ್ನು ಮುಟ್ಟಬೇಡಿ.

ಕೇಳುವ ರೀತಿ

ಕೆಲಸ ಹೇಳುವಾಗ ಬಟನ್ ಮೇಲಿರುವ ಪದ ನಿಮ್ಮ ಬಾಯಲ್ಲಿ ಬರಬಾರದು. "ಆಸನ ಆಯ್ಕೆ ಮಾಡಿ" ಅಂತ ಬಟನ್ ಇದ್ದು, ನೀವೂ "ಆಸನ ಆಯ್ಕೆ ಮಾಡಿ" ಅಂದರೆ ಅವರು ಪದ ಹುಡುಕುತ್ತಾರೆ ಅಷ್ಟೇ. "ಶುಕ್ರವಾರ ರಾತ್ರಿ ಊರಿಗೆ ಹೋಗಬೇಕು, ನಿಮಗೆ ಕಿಟಕಿ ಪಕ್ಕ ಬೇಕು" ಅನ್ನಿ. ಆಮೇಲೆ ಸುಮ್ಮನಿರಿ.

ಬಾಯಿಬಿಟ್ಟು ಯೋಚಿಸಿಸುವ ಈ ಪದ್ಧತಿಯನ್ನು ಐಬಿಎಮ್‌ನ ಕ್ಲೇಟನ್ ಲೂಯಿಸ್ 1982ರಲ್ಲಿ ಕಂಪ್ಯೂಟರ್ ಕೆಲಸಕ್ಕೆ ತಂದರು. ನಮ್ಮ ಜನರಿಗೆ ಇದು ಕಷ್ಟ. ಪರೀಕ್ಷೆ ತಮಗೇ ಅಂದುಕೊಂಡು ಗಪ್ಪಾಗಿಬಿಡುತ್ತಾರೆ. ಅದಕ್ಕೆ ಮೊದಲು ಎರಡು ನಿಮಿಷ ರೂಢಿ ಮಾಡಿಸಿ. "ನಿಮ್ಮ ಫೋನಿನಲ್ಲಿ ಹೋದ ವರ್ಷದ ಗಣಪತಿ ಫೋಟೊ ಹುಡುಕಿ, ಹುಡುಕ್ತಾ ಏನು ಮಾಡ್ತಿದೀರಿ ಹೇಳ್ತಾ ಹೋಗಿ" ಅಂತೇನೆ. ಫೋಟೊ ಹುಡುಕುವಾಗ ಎಲ್ಲರೂ ಮಾತಾಡುತ್ತಾರೆ. "ಇದು ನಮ್ಮ ತಂಗಿ ಮದುವೀದು... ಇದಲ್ಲ..." ಅಲ್ಲಿಂದ ಆಪಿಗೆ ದಾಟಿಸಿದರೆ ಮಾತು ನಿಲ್ಲುವುದಿಲ್ಲ. ನಡುವೆ ಅವರು ತೊಡರಿಕೊಂಡರೆ ಸಹಾಯಕ್ಕೆ ಹೋಗಬೇಡಿ. ಹತ್ತು ಎಣಿಸಿ. "ಈಗ ಏನು ಅನಿಸ್ತಿದೆ?" ಅಂತ ಮಾತ್ರ ಕೇಳಿ.

ಕನ್ನಡದಲ್ಲಿರುವ ಆಪ್‌ಗಳಲ್ಲಿ ಒಂದನ್ನು ತಪ್ಪದೆ ನೋಡಿ. "ಆರ್ಡರ್ ರದ್ದು ಮಾಡಬೇಕೇ?" ಅಂತ ಪ್ರಶ್ನೆ, ಕೆಳಗೆ ಎರಡು ಬಟನ್: "ರದ್ದು ಮಾಡಿ" ಮತ್ತು "ಸರಿ". ಯಾವುದನ್ನು ಒತ್ತಿದರೆ ಆರ್ಡರ್ ಉಳಿಯುತ್ತದೆ? ಮೊದಲ ಬಟನಿನ ಅರ್ಥ ಈ ಪೆಟ್ಟಿಗೆ ಮುಚ್ಚು ಅಂತ. ಇಂಗ್ಲಿಷಿನ "ಕ್ಯಾನ್ಸಲ್"ಗೆ ಯಾರೋ ಪದಕ್ಕೆ ಪದ ಇಟ್ಟಿದ್ದಾರೆ. "ಬೇಡ, ಇರಲಿ" ಮತ್ತು "ಹೌದು, ರದ್ದು ಮಾಡಿ" ಅಂತ ಬದಲಾಯಿಸಿದರೆ ಮುಗಿಯಿತು. ಆದರೆ ಜನ ಅಲ್ಲಿ ಬೆರಳು ಎತ್ತಿಕೊಂಡು ನಿಲ್ಲುವುದನ್ನು ತೋರಿಸದೆ ಯಾವ ಕ್ಲೈಂಟೂ ಬದಲಾಯಿಸುವುದಿಲ್ಲ.

ಬೇಗ ಬೆಳೆದಾಗ

ಮೂರನೆಯ ವರ್ಷ ಒಂದು ದೊಡ್ಡ ಕೆಲಸ ಸಿಕ್ಕಿತು. ಎರಡು ವಾರದಲ್ಲಿ ಅರವತ್ತು ಜನ ಬೇಕು ಅಂದರು. ನಮ್ಮ ವಹಿಯಲ್ಲಿ ಅಷ್ಟು ಇರಲಿಲ್ಲ. ಆಸೆಗೆ ಬಿದ್ದೆ. ಒಬ್ಬರನ್ನು ಕರೆತಂದವರಿಗೆ ನೂರು ರೂಪಾಯಿ ಅಂತ ವಾಟ್ಸಾಪಿನಲ್ಲಿ ಹಾಕಿದೆ. ನಾಲ್ಕೇ ದಿನದಲ್ಲಿ ವಹಿ ತುಂಬಿತು.

ಹನ್ನೊಂದನೆಯ ದಿನ ರಾತ್ರಿ ರೆಕಾರ್ಡಿಂಗ್ ಕೇಳುತ್ತಿದ್ದೆ. ಒಬ್ಬ ಹೆಂಗಸಿನ ದನಿ, ಹಿಂದೆ ಕುಕ್ಕರ್ ಸೀಟಿ, ಸೀಟಿಯ ಬೆನ್ನಿಗೇ ಒಂದು ಗಿಳಿ "ವಿಠ್ಠಲ ವಿಠ್ಠಲ" ಅನ್ನುತ್ತದೆ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನಿಸಿತು. ಹಿಂದಿನ ದಿನದ ಫೈಲ್ ತೆಗೆದೆ. ಬೇರೆ ಹೆಸರು, ಬೇರೆ ವಯಸ್ಸು, ಬೇರೆ ಊರು. ಗಿಳಿ ಅದೇ. ಕೂತು ಎಲ್ಲವನ್ನೂ ಮತ್ತೆ ಕೇಳಿದೆ. ಅರವತ್ತರಲ್ಲಿ ಒಂಬತ್ತು ಟೆಸ್ಟ್ ಒಂದೇ ಮನೆಯವು. ಮೂರು ಜನ ಸೇರಿ ಒಂಬತ್ತು ಹೆಸರಿನಲ್ಲಿ ಮಾಡಿದ್ದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಲೆ ಎಣಿಸಿ ದುಡ್ಡು ಕೊಡುತ್ತೇನೆ ಅಂದವಳು ನಾನೇ. ಬೆಳಿಗ್ಗೆ ಕ್ಲೈಂಟಿಗೆ ಫೋನ್ ಮಾಡಿ ಇದ್ದದ್ದು ಹೇಳಿದೆ, ಒಂಬತ್ತರ ದುಡ್ಡು ಬಿಟ್ಟುಕೊಟ್ಟೆ, ಹೊಸ ಒಂಬತ್ತು ಜನರನ್ನು ನಾನೇ ಹುಡುಕಿ ಮುಗಿಸಿಕೊಟ್ಟೆ. ಕೆಲಸ ಒಂದು ವಾರ ತಡವಾಯಿತು. ಆ ಕ್ಲೈಂಟು ಇವತ್ತಿಗೂ ನಮ್ಮ ಜೊತೆ ಇದ್ದಾನೆ.

ಆವತ್ತಿನಿಂದ ಕೆಲವು ಕಟ್ಟುನಿಟ್ಟು ಮಾಡಿಕೊಂಡಿದ್ದೇವೆ. ಕರೆತಂದವರಿಗೆ ದುಡ್ಡಿಲ್ಲ. ಯುಪಿಐಯಲ್ಲಿ ಬರುವ ಹೆಸರು ವಹಿಯ ಹೆಸರಿಗೆ ಹೊಂದಬೇಕು. ಹೊಂದದಿದ್ದರೆ ಫೋನ್ ಮಾಡಿ ಕೇಳುತ್ತೇವೆ, ಎಷ್ಟೋ ಸಲ ಖಾತೆ ಗಂಡನದಾಗಿರುತ್ತದೆ, ಅದರಲ್ಲಿ ತಪ್ಪಿಲ್ಲ. ಒಬ್ಬರಿಗೆ ತಿಂಗಳಿಗೆ ಒಂದೇ ಟೆಸ್ಟ್. ಈ ಕೊನೆಯದನ್ನು ಯಾವ ಕಾರಣಕ್ಕೂ ಸಡಿಲಿಸಬೇಡಿ. ಹತ್ತು ಟೆಸ್ಟ್ ಮಾಡಿದವರು ನಮಗೆ ಏನು ಬೇಕು ಅಂತ ಕಲಿತುಬಿಡುತ್ತಾರೆ. "ಇಲ್ಲಿ ಬಣ್ಣ ಸ್ವಲ್ಪ ಕಡಿಮೆ ಮಾಡಬಹುದಿತ್ತು" ಅಂತ ಶುರು ಮಾಡುತ್ತಾರೆ. ಅಡುಗೆಯ ಅಕ್ಕ ಬಣ್ಣದ ಬಗ್ಗೆ ಮಾತಾಡಲಿಲ್ಲ, ಕ್ಯಾಲೆಂಡರ್ ಮೇಲೆ ಬರೆದುಕೊಂಡರು.

ಈಗ ಇನ್ನೊಂದು ಬಂದಿದೆ. ಜನರೇ ಬೇಡ, ಎಐ ಜನರ ಹಾಗೆ ಉತ್ತರ ಕೊಡುತ್ತದೆ ಅಂತ. ಎರಡು ಕ್ಲೈಂಟುಗಳು ನನ್ನನ್ನು ಕೇಳಿದ್ದಾರೆ. ಪ್ರಶ್ನೆಪಟ್ಟಿ ತಿದ್ದಲು, ರೆಕಾರ್ಡಿಂಗುಗಳಲ್ಲಿ ಬೇಕಾದ ಜಾಗ ಹುಡುಕಲು ನಾವೂ ಎಐ ಬಳಸುತ್ತೇವೆ. ಆದರೆ ಎರಡು ಜಿಬಿ ಫೋನಿನಲ್ಲಿ ಓಟಿಪಿ ಕಳೆದುಕೊಂಡು "ನಂಗ ಬರೂದಿಲ್ಲೇನೋ" ಅನ್ನುವ ದನಿ ಅದರಿಂದ ಸಿಗುವುದಿಲ್ಲ. ವಿಜಯಪುರದ ಮಾತನ್ನು ಬರಹಕ್ಕೆ ಇಳಿಸುವಾಗಲೂ ಯಂತ್ರ ಜಾಸ್ತಿ ತಪ್ಪು ಮಾಡುತ್ತದೆ, ಹಾಗಾಗಿ ನಮ್ಮಲ್ಲಿ ಇಬ್ಬರು ಕೂತು ಪೂರ್ತಿ ಕೇಳುತ್ತಾರೆ.

ಕ್ಲೈಂಟು

ವರದಿ ಉದ್ದ ಬರೆಯಬೇಡಿ. ಮೂರು ಪುಟ, ಜೊತೆಗೆ ನಾಲ್ಕೈದು ತುಣುಕು ವಿಡಿಯೊ, ಒಂದೊಂದೂ ಒಂದು ನಿಮಿಷದೊಳಗೆ. ಬಸ್ ಆಪಿನವರಿಗೆ ಕ್ಯಾಲೆಂಡರಿನ ತುಣುಕು ತೋರಿಸಿದಾಗ ಮೀಟಿಂಗಿನಲ್ಲಿ ಯಾರೂ ಮಾತಾಡಲಿಲ್ಲ. ಅದೇ ವಾರ ಸರಿಮಾಡಿದರು. ತುಣುಕಿನಲ್ಲಿ ಹೆಸರು, ಮುಖ, ನಂಬರ್ ಇರದ ಹಾಗೆ ನೋಡಿಕೊಳ್ಳಿ.

ಬಿಡಿ ಟೆಸ್ಟ್ ಮಾರುತ್ತಾ ಹೋದರೆ ತಿಂಗಳ ಸಂಬಳ ಹೊರಡುವುದಿಲ್ಲ. ನಾನು ಎರಡು ವರ್ಷ ಹಾಗೆ ಒದ್ದಾಡಿದೆ. ಆಮೇಲೆ ತಿಂಗಳಿಗೆ ಐದು ಜನ, ಆರು ತಿಂಗಳ ಒಪ್ಪಂದ, ಮುಂಗಡ ಅರ್ಧ ಅಂತ ಮಾಡಿದೆ. ಕ್ಲೈಂಟಿಗೂ ಅದು ಒಳ್ಳೆಯದು, ಈ ತಿಂಗಳು ಸರಿಮಾಡಿದ್ದನ್ನು ಮುಂದಿನ ತಿಂಗಳು ಹೊಸ ಐದು ಜನ ನೋಡುತ್ತಾರೆ. ಇಂಥ ನಾಲ್ಕು ಒಪ್ಪಂದ ಕೈಯಲ್ಲಿದ್ದಾಗ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ಮೊದಲು ಇಡಬೇಕಾದದ್ದು ಎಂಜಿನಿಯರನ್ನಲ್ಲ, ಜನರಿಗೆ ಫೋನ್ ಮಾಡುವವರನ್ನು. ನಮ್ಮಲ್ಲಿ ಆ ಕೆಲಸ ಮಾಡುವ ಹುಡುಗಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತವೆ, ಯಾರ ಮಗಳಿಗೆ ಹತ್ತನೆಯ ಪರೀಕ್ಷೆ ಅಂತಲೂ ಗೊತ್ತಿರುತ್ತದೆ. ನಮ್ಮದೇ ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾಡಿಸಿದ್ದು ನಾಲ್ಕನೆಯ ವರ್ಷ. ಫೈಲ್ ತರಿಸಿಕೊಳ್ಳುವುದಕ್ಕೇ ದಿನಕ್ಕೆ ಮೂರು ತಾಸು ಹೋಗಲು ಶುರುವಾದ ಮೇಲೆ.

ಗುರುವಾರ ಮಧ್ಯಾಹ್ನ ನಾವು ಯಾವ ಟೆಸ್ಟೂ ಇಡುವುದಿಲ್ಲ. ವಹಿಯಲ್ಲಿ ಮೂರು ತಿಂಗಳಿಂದ ಕರೆಯದವರ ಹೆಸರು ತೆಗೆದು ಹತ್ತು ಜನರಿಗೆ ಫೋನ್ ಮಾಡುತ್ತೇವೆ. ನಂಬರ್ ಬದಲಾಗಿದೆಯಾ, ಫೋನ್ ಹೊಸದಾ, ಪುಣೆಯಲ್ಲೇ ಇದ್ದೀರಾ ಅಂತ ಕೇಳಿ ಬರೆದುಕೊಳ್ಳುತ್ತೇವೆ. ಹೋದ ಗುರುವಾರ ಕಾತ್ರಜದ ಅಕ್ಕನಿಗೆ ನಾನೇ ಮಾಡಿದ್ದೆ. ಅದೇ ಎರಡು ಜಿಬಿ ಫೋನ್ ಇನ್ನೂ ಇದೆ. ಮುಂದಿನ ವಾರ ಗ್ಯಾಸ್ ಬುಕ್ ಮಾಡುವ ಆಪಿಗೆ ಅವರ ಹೆಸರು ಬರೆದುಕೊಂಡಿದ್ದೇನೆ.